ಮಗಲ್ ಬಂದ, ಮಗಲರು ಬಂದರು

ಕೇಳುಗರಿಗೆ ನಮಸ್ಕಾರ.

ನಮ್ಮಣ್ಣನ ಮಗಳು ಕತೆ ಬರೆಯುತ್ತಾಳೆ. ಹ್ಯಾರಿ ಪಾಟರ್ ಲೋಕದ ಮಾಂತ್ರಿಕರನ್ನು ನಮ್ಮ ವಿಜಯಪುರಕ್ಕೆ ಕರೆತಂದಿದ್ದಾಳೆ. ಹೀಗೆ ಬೇರೆಯವರ ಕತೆಯ ಲೋಕದಲ್ಲಿ ಅಭಿಮಾನಿಗಳು ಹೆಣೆಯುವ ಹೊಸ ಕತೆಗೆ ಫ್ಯಾನ್ ಫಿಕ್ಷನ್ ಅಂತಾರೆ. ಮೊನ್ನೆ ಅವಳು ಅಜ್ಜಿಗೆ ಓದಿ ಹೇಳುತ್ತಿದ್ದಳು. "ಆಗ ಒಬ್ಬ ಮಗ್ಗಲ್ ಬಂದ" ಅಂದಳು. ಅಜ್ಜಿ ಕೇಳಿದರು, "ಯಾರ ಮಗ್ಗಲಕ ಬಂದ್ನವಾ?"

ಮಂತ್ರ ಬಾರದ ಸಾಮಾನ್ಯ ಮನುಷ್ಯನಿಗೆ ಆ ಲೋಕದಲ್ಲಿರುವ ಹೆಸರು ಅದು. ಅವಳ ನೋಟ್‌ಬುಕ್ ನೋಡಿದೆ. ಒಂದು ಪುಟದಲ್ಲಿ ಮಗಲ್, ಇನ್ನೊಂದರಲ್ಲಿ ಮಗ್ಗಲ್, ಮತ್ತೊಂದರಲ್ಲಿ ಮಗಲ್ಲು. "ಹೆಂಗ ಬರೆದರೂ ತಿಳೀತದಲ್ಲ ಕಾಕಾ" ಅಂದಳು. ಗೋಲಗುಮ್ಮಟವನ್ನು ಗೋಲ್ ಗುಂಬಜ್ ಅಂತಲೂ ಬರೆಯುತ್ತಾರಲ್ಲ ಅನ್ನುವುದು ಅವಳ ವಾದ. ನಿಜ. ಆದರೆ ಗುಮ್ಮಟ ಅಲ್ಲಿ ನಿಂತಿದೆ. ಹೇಗೆ ಬರೆದರೂ ಓದುಗ ಅದರ ಬಾಗಿಲಿಗೇ ಹೋಗಿ ನಿಲ್ಲುತ್ತಾನೆ. ಕಟ್ಟಿದ ಪದಕ್ಕೆ ಅಕ್ಷರ ಬಿಟ್ಟರೆ ಬೇರೆ ನೆಲೆಯೇ ಇಲ್ಲ.

ಇಂಗ್ಲಿಷ್‌ನಲ್ಲಿ ಈ ಪದವನ್ನು ದೊಡ್ಡಕ್ಷರದಿಂದ ಶುರು ಮಾಡುತ್ತಾರೆ. ಹೆಸರು ಅಂತ ಕಣ್ಣಿಗೇ ಗೊತ್ತಾಗುತ್ತದೆ. ನಮ್ಮಲ್ಲಿ ದೊಡ್ಡಕ್ಷರ ಇಲ್ಲ. ಅದಕ್ಕೆ ಹುಡುಗಿ ಪ್ರತಿ ಸಲವೂ ಉದ್ಧರಣ ಚಿಹ್ನೆ ಹಾಕಿದ್ದಳು. ಅನ್ನದಲ್ಲಿ ಹರಳು ಸಿಕ್ಕಂತೆ ಆಗುತ್ತದೆ. ಮೊದಲ ಸಲ ಹಾಕಿದರೆ ಸಾಕು.

ಕನ್ನಡದಲ್ಲಿ ನಿಜವಾದ ಕಷ್ಟ ಪ್ರತ್ಯಯದ್ದು. ಮಗಲ್‌ಗೆ 'ಗೆ' ಸೇರಿಸಿ ಟೈಪ್ ಮಾಡಿ. ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕದಿದ್ದರೆ 'ಗೆ' ಒತ್ತಕ್ಷರವಾಗಿ 'ಲ'ದ ಕೆಳಗೆ ಹೋಗಿ ಕೂರುತ್ತದೆ. ಪದ ಗುರುತೇ ಸಿಗುವುದಿಲ್ಲ. ಬಸ್ ಅನ್ನುವುದನ್ನು ನಾವು ಬಸ್ಸು ಮಾಡಿಕೊಂಡೆವು, ಬಸ್ಸಿಗೆ ಹೋದೆವು, ಬಸ್ಸಿನಿಂದ ಇಳಿದೆವು. ಸಲೀಸು. ಆದರೆ ಬಸ್ಸು ವಸ್ತು, ಇವನು ಮನುಷ್ಯ. ಮಗಲ್‌ಗಳು ಅಂದರೆ ಸಾಮಾನು ಎಣಿಸಿದ ಹಾಗೆ ಕೇಳಿಸುತ್ತದೆ ನನಗೆ. ಸೊಕ್ಕಿನ ಮಾಂತ್ರಿಕನ ಬಾಯಲ್ಲಿ ಅದು ಇರಲಿ, ಚೆನ್ನಾಗಿಯೇ ಒಪ್ಪುತ್ತದೆ. ಕತೆ ಹೇಳುವವಳು ಮಾತ್ರ ಮಗಲ, ಮಗಲನಿಗೆ, ಮಗಲರು ಅನ್ನಲಿ. ಇಂಗ್ಲಿಷ್ ಪದದಲ್ಲಿ ಗಂಡು ಹೆಣ್ಣಿನ ಗುರುತಿಲ್ಲ. ನಮ್ಮಲ್ಲಿ ಹಾಗೆ ಬಿಡುವುದು ಕಷ್ಟ, ಅಲ್ವಾ? ಹೆಂಗಸು ಬಂದರೆ ಏನು ಅನ್ನಬೇಕು ಅಂತ ಅರ್ಧ ತಾಸು ಮಾತಾಡಿದೆವು. ಕೊನೆಗೆ ಮಗಲಿತಿ ಅಂತ ಅವಳೇ ಕಟ್ಟಿದಳು, ಒಕ್ಕಲಿಗ ಒಕ್ಕಲಗಿತ್ತಿ ನೆನೆದು.

ಜೋಡುಪದಕ್ಕೆ ನಮ್ಮ ಸಂಧಿಯೇ ಸಾಕು. ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಬೆಳಕೇ ಅಲಗಾಗಿರುವ ಕತ್ತಿಗೆ ಲೈಟ್‌ಸೇಬರ್ ಅಂತಾರೆ, ಮೂಲದಲ್ಲೇ ಅದು ಒಂದೇ ಪದ. ಬೆಳಕು, ಕತ್ತಿ ಅಂತ ಬಿಡಿಸಿ ಬರೆದರೆ ಎರಡು ವಸ್ತು. ಬೆಳಕುಗತ್ತಿ ಅಂದರೆ ಒಂದೇ. 'ಕ' ಹೋಗಿ 'ಗ' ಬಂತು, ಅಡ್ಡಗೆರೆಯ ಕೆಲಸ ಮುಗಿಯಿತು.

ಈಗ ಅವಳ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಕಟ್ಟಿದ ಪದಗಳೆಲ್ಲ ಇವೆ. ಒಂದೊಂದರ ಮುಂದೆಯೂ ಬಹುವಚನ, 'ಗೆ' ಹಚ್ಚಿದ ರೂಪ. ನಿನ್ನೆ ರಾತ್ರಿ ಮತ್ತೆ ಅಜ್ಜಿಗೆ ಓದಿದಳು. ಅಜ್ಜಿ ಪೂರ್ತಿ ಕೇಳಿ, "ಈ ಮಗಲರು ಯಾವ ಊರಾವರವಾ?" ಅಂದರು.

ನಮಸ್ಕಾರ.