ಲಂಬ ಹೊರಗೆ ಬಿದ್ದಾಗ

ಗಣಿತ ಕಲಿಸುವವರೇ ಹೆಚ್ಚಾಗಿ ಸೇರಿರುವ ಈ ಸಭೆಗೆ ನಮಸ್ಕಾರ.

ಮನೆಯ ಪಾಯಕ್ಕೆ ಗುರುತು ಹಾಕುವುದನ್ನು ನೀವೆಲ್ಲ ನೋಡಿರುತ್ತೀರಿ. ಮೇಸ್ತ್ರಿ ಮೂಲೆಗೊಂದು ಗೂಟ ಹೊಡೆದು, ಒಂದು ದಾರದ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಮಾಡುತ್ತಾರೆ. ಮೂಲೆ ಲಂಬಕೋನ, ಅಂದರೆ 90 ಡಿಗ್ರಿ, ಆಗಿದ್ದರೆ ಆ ಎರಡು ಗುರುತುಗಳ ನಡುವೆ ಟೇಪು ಹಿಡಿದಾಗ ಸರಿಯಾಗಿ 5 ಅಡಿ ಬರಬೇಕು. ಒಂದಿಂಚು ಹೆಚ್ಚಿಗೆ ಬಂತೋ, ಮೂಲೆ ಅಗಲವಾಗಿದೆ, ಅದು ವಿಶಾಲಕೋನ. ಕಡಿಮೆ ಬಂದರೆ ಲಘುಕೋನ. ಕೋನಮಾಪಕವನ್ನು ಯಾರೂ ಮುಟ್ಟಲಿಲ್ಲ, ಆದರೂ ಕೋನ ಎಂಥದೆಂದು ತಿಳಿಯಿತು. ನನಗೆ ಇವತ್ತಿಗೂ ಇದು ಸೋಜಿಗವೇ. ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿ ಅಳೆಯುವ ಹಗ್ಗಕ್ಕೂ ಇದೇ ಲೆಕ್ಕ. 3–4, 5–12, 8–15, 7–24 ಬದಿಗಳ ಆಯತಗಳನ್ನು ಅಲ್ಲೇ ಹೆಸರಿಸಿದ್ದಾರೆ.

ಒಂದು ತ್ರಿಭುಜದಲ್ಲಿ ಎರಡು ಲಂಬಕೋನವಾಗಲಿ ಎರಡು ವಿಶಾಲಕೋನವಾಗಲಿ ಇರಲಾರವು, ಮೂರೂ ಸೇರಿ 180 ಡಿಗ್ರಿ ಮಾತ್ರ. ಇದನ್ನು ಮಕ್ಕಳು ಬೇಗ ಒಪ್ಪುತ್ತಾರೆ. ಅವರು ಎಡವುವುದು ಬೇರೆ ಕಡೆ.

ಒಂಬತ್ತನೇ ತರಗತಿಯಲ್ಲಿ ಒಮ್ಮೆ ಪಾದದ ಒಂದು ತುದಿಯಲ್ಲಿ ವಿಶಾಲಕೋನವಿರುವ ತ್ರಿಭುಜ ಬರೆದು, ಮೇಲಿನ ಶೃಂಗದಿಂದ ಪಾದಕ್ಕೆ ಲಂಬ ಎಳೆಯಲು ಹೇಳಿದೆ. ಒಬ್ಬ ಹುಡುಗಿ ಸ್ಕೇಲನ್ನು ಓರೆ ಮಾಡಿ, ಹೇಗೋ ತ್ರಿಭುಜದ ಒಳಗೇ ಒಂದು ಗೆರೆ ಇಳಿಸಿ, ಅದರ ಬುಡದಲ್ಲಿ ಲಂಬಕೋನದ ಪುಟ್ಟ ಚೌಕವನ್ನೂ ಬರೆದಳು. ಕೋನ ಸುಮಾರು 70 ಡಿಗ್ರಿ ಇತ್ತು. ತಪ್ಪು ಅವಳದಲ್ಲ. ಅಲ್ಲಿಯವರೆಗೆ ನಾನು ಬೋರ್ಡಿನ ಮೇಲೆ ಬರೆದ ಒಂದೊಂದು ತ್ರಿಭುಜದಲ್ಲೂ ಲಂಬ ಒಳಗೇ ಬಿದ್ದಿತ್ತು. ಪಾದವನ್ನು ಆಚೆಗೆ ಬೆಳೆಸಬಹುದೆಂದು ನಾನು ತೋರಿಸಿರಲೇ ಇಲ್ಲ.

ಭಾಸ್ಕರಾಚಾರ್ಯರು ತೋರಿಸಿದ್ದಾರೆ. 1150ರ ಲೀಲಾವತಿಯಲ್ಲಿ ಒಂದು ಲೆಕ್ಕವಿದೆ: ಭುಜಗಳು 10 ಮತ್ತು 17, ಪಾದ 9. ಲಂಬ ಎಷ್ಟು, ಅದು ಪಾದವನ್ನು ಕಡಿಯುವ ಎರಡು ತುಂಡುಗಳು, ಅಂದರೆ ಆಬಾಧೆಗಳು, ಎಷ್ಟು? ಭುಜಗಳ ಮೊತ್ತ 27, ವ್ಯತ್ಯಾಸ 7. ಗುಣಿಸಿದರೆ 189, ಪಾದದಿಂದ ಭಾಗಿಸಿದರೆ 21. ಇದನ್ನು ಪಾದದಿಂದ ಕಳೆದು ಅರ್ಧ ಮಾಡಬೇಕು. ಆದರೆ 9ರಲ್ಲಿ 21 ಹೋಗುವುದು ಹೇಗೆ? ಆಚಾರ್ಯರು 21ರಲ್ಲೇ 9 ಕಳೆದು, ಅರ್ಧ ಮಾಡಿ, 6 ಎನ್ನುತ್ತಾರೆ. ಇದು ಋಣ, ಅಂದರೆ ವಿರುದ್ಧ ದಿಕ್ಕಿನದು ಎಂದೂ ಸೇರಿಸುತ್ತಾರೆ. ಲಂಬ ಪಾದದ ತುದಿಯಿಂದ 6 ಆಚೆಗೆ ಬಿತ್ತು! ಋಣ ಸಂಖ್ಯೆಗೆ ನೆಲದ ಮೇಲೆ ಒಂದು ಜಾಗ ಸಿಕ್ಕ ಈ ಗಳಿಗೆಯನ್ನು ಮಕ್ಕಳಿಗೆ ದಾಟಿಸದೆ ಮುಂದೆ ಹೋಗಬಾರದು ಎನ್ನುವುದು ನನ್ನ ಹಟ.

ಆ 6ಕ್ಕೆ ಇನ್ನೊಂದು ಕೆಲಸವೂ ಇದೆ. 9ರ ವರ್ಗ 81, 10ರದು 100, ಕೂಡಿದರೆ 181. 17ರ ವರ್ಗ 289. ಹೆಚ್ಚಿಗೆ ಬಂದ 108, ಸರಿಯಾಗಿ 9 ಮತ್ತು 6ರ ಗುಣಲಬ್ಧದ ಎರಡರಷ್ಟು. ಗ್ರೀಕ್ ಗಣಿತಜ್ಞ ಯೂಕ್ಲಿಡನ ‘ಎಲಿಮೆಂಟ್ಸ್’ ಗ್ರಂಥದ ಎರಡನೇ ಪುಸ್ತಕದ ಹನ್ನೆರಡನೇ ಪ್ರಮೇಯ ಹೇಳುವುದು ಇದನ್ನೇ. ಮೇಸ್ತ್ರಿಯ ಟೇಪಿನಲ್ಲಿ ಹೆಚ್ಚಾಗಿ ಬರುವ ಒಂದಿಂಚೂ ಇದೇ ಜಾತಿಯದು.

ನಾನು ತಂದಿರುವ ಈ ರಟ್ಟನ್ನು ಕೈಯಿಂದ ಕೈಗೆ ದಾಟಿಸಿ. ಪಾದ 15 ಸೆಂಟಿಮೀಟರ್, ಎತ್ತರ 8 ಇರುವ ಲಂಬಕೋನ ತ್ರಿಭುಜ; ವಿಕರ್ಣ 17. ಎತ್ತರದ ಬದಿಯಿಂದ ಪಾದದಲ್ಲಿ 6 ಅಳೆದು ಗೆರೆ ಎಳೆದಿದ್ದೇನೆ. ಗೆರೆಯುದ್ದಕ್ಕೂ ಕತ್ತರಿಸಿ, 6–8–10ರ ತುಂಡನ್ನು ಪಕ್ಕಕ್ಕಿಡಿ. ಕೈಯಲ್ಲಿ ಉಳಿಯುವುದು ಭಾಸ್ಕರರ ತ್ರಿಭುಜ: 60ರಲ್ಲಿ 24 ಹೋಗಿ, 36 ಚದರ ಸೆಂಟಿಮೀಟರ್.