ಐರ್ಲೆಂಡ್‌ನವರಿಗೆ ಫೋರ್ಡ್ ಅಂದ್ರೆ ಅಷ್ಟು ಪ್ರೀತಿನಾ?

ನಮಸ್ಕಾರ. ಇವತ್ತು ಸ್ವಲ್ಪ ಜಗಳ ತೆಗೆಯೋಣ ಅಂತಲೇ ಮೈಕ್ ಮುಂದೆ ಕೂತಿದ್ದೇನೆ.

ಹಳೇ ಕಾರಿನ ಹುಚ್ಚಿರುವವರು ಒಂದು ಮಾತು ಹೇಳುತ್ತಾರೆ. "60-70ರ ದಶಕದ ಐರ್ಲೆಂಡ್ ನೋಡಿ, ರಸ್ತೆ ತುಂಬಾ ಫೋರ್ಡ್ ಕಾರ್ಟಿನಾ, ಎಸ್ಕಾರ್ಟ್. ಅವರಿಗೆ ಫೋರ್ಡ್ ಅಂದ್ರೆ ಪ್ರಾಣ." ಕಾರುಗಳು ಇದ್ದದ್ದು ನಿಜ. ನನ್ನ ತಕರಾರು ಆ 'ಪ್ರಾಣ'ದ ಬಗ್ಗೆ.

1961ರಲ್ಲಿ ಆ ದೇಶದ ಜನಸಂಖ್ಯೆ ಬರೀ 28 ಲಕ್ಷ. ಅಷ್ಟು ಪುಟ್ಟ ಮಾರುಕಟ್ಟೆಗೆ ಯಾರು ಕಾರ್ಖಾನೆ ಹಾಕುತ್ತಾರೆ? ಸುಮ್ನೆ ಯಾರೂ ಹಾಕಲ್ಲ. ಅದಕ್ಕೇ ಸರ್ಕಾರ 1930ರ ದಶಕದಲ್ಲೇ ಒಂದು ದಾರಿ ಹುಡುಕಿತ್ತು. ಪೂರ್ತಿ ತಯಾರಾದ ಕಾರು ತಂದರೆ ಭಾರೀ ಸುಂಕ. ಬಿಡಿಭಾಗ ತಂದು ಇಲ್ಲೇ ಜೋಡಿಸಿದರೆ ಕಡಿಮೆ. ಆಮೇಲೆ ಕಾರುಗಳು ಪೆಟ್ಟಿಗೆಯಲ್ಲಿ ಬರತೊಡಗಿದವು. ಟೈರಿಗೆ ಕಾರ್ಕ್ ಊರಿನಲ್ಲೇ ಡನ್ಲಪ್ ಇತ್ತು.

ಫೋಕ್ಸ್‌ವ್ಯಾಗನ್ ಬೀಟಲ್ ಕಥೆ ಕೇಳಿ. ಜರ್ಮನಿಯ ಹೊರಗೆ ಮೊದಲ ಬೀಟಲ್ ಜೋಡಿಸಿದ್ದು ಲಂಡನ್ನಿನಲ್ಲಲ್ಲ, ಪ್ಯಾರಿಸ್ಸಿನಲ್ಲೂ ಅಲ್ಲ. 1950ರಲ್ಲಿ, ಡಬ್ಲಿನ್ನಿನ ಶೆಲ್ಬರ್ನ್ ರಸ್ತೆಯ ಹಳೇ ಟ್ರಾಮ್ ಶೆಡ್ಡಿನಲ್ಲಿ! ಮಾಡಿಸಿದವರು ಸ್ಟೀಫನ್ ಓ'ಫ್ಲಾಹರ್ಟಿ ಅನ್ನುವ ವ್ಯಾಪಾರಿ. ಅಂದರೆ ಅಂಗಡಿಯಲ್ಲಿ ಯಾವ ಕಾರು ಕೈಗೆಟುಕುವ ಬೆಲೆಗೆ ಸಿಗಬೇಕು ಅನ್ನೋದು ಗಿರಾಕಿ ಬರುವ ಮೊದಲೇ ಅರ್ಧ ತೀರ್ಮಾನ ಆಗಿರುತ್ತಿತ್ತು. ಇಲ್ಲಿ ಜೋಡಿಸಿದರೆ ಮಾರಾಟ, ಇಲ್ಲದಿದ್ದರೆ ದುಡ್ಡಿದ್ದವರ ಷೋಕಿ.

ಹಾಗಂತ ಫೋರ್ಡಿಗೂ ಐರ್ಲೆಂಡಿಗೂ ನಂಟೇ ಇರಲಿಲ್ಲ ಅಂದರೆ ನನ್ನದೇ ತಪ್ಪಾಗುತ್ತದೆ. ಹೆನ್ರಿ ಫೋರ್ಡ್ ಅವರ ತಂದೆ ಹುಟ್ಟಿದ್ದೇ ಕಾರ್ಕ್ ಸೀಮೆಯಲ್ಲಿ. ಬರಗಾಲದ ಹೊತ್ತಿಗೆ, 1847ರಲ್ಲಿ, ಅಮೆರಿಕಕ್ಕೆ ಹೋದವರು. ಮಗ 1917ರಲ್ಲಿ ಕಾರ್ಕ್‌ನಲ್ಲಿ ಕಾರ್ಖಾನೆ ಕಟ್ಟಿಸಿದರು, ಟ್ರ್ಯಾಕ್ಟರ್ ಮಾಡೋಕೆ. ಟ್ರ್ಯಾಕ್ಟರ್ ಕೆಲಸ ಇಂಗ್ಲೆಂಡಿನ ಡ್ಯಾಗನಮ್‌ಗೆ ಹೋದಾಗ ಕಾರ್ಕ್‌ನ ಎಷ್ಟೋ ಜನ ಅದರ ಹಿಂದೆಯೇ ಹೋದರು. ರಜೆಗೆ ಊರಿಗೆ ಬಂದಾಗ ಅವರ ಸೂಟು, ಕೈಬಿಚ್ಚಿ ಖರ್ಚು ಮಾಡುವ ಠೀವಿ ನೋಡಿ ಊರವರು ಇಟ್ಟ ಹೆಸರು 'ಡ್ಯಾಗನಮ್ ಯಾಂಕ್ಸ್', ಅಂದರೆ ಡ್ಯಾಗನಮ್‌ನ ಅಮೆರಿಕನ್ನರು. ಪ್ರೀತಿ ಅಂದರೆ ಇದು. ಆದರೆ ಇದು ಸಂಬಳದ ಮೇಲಿನ ಪ್ರೀತಿ, ಕಾರಿನ ಮೇಲಿನದ್ದಲ್ಲ ಅಲ್ವಾ?

1973ರಲ್ಲಿ ಐರ್ಲೆಂಡ್ ಯುರೋಪಿನ ಸಮುದಾಯಕ್ಕೆ ಸೇರಿತು. ಅಲ್ಲಿ ಸದಸ್ಯ ದೇಶಗಳ ನಡುವೆ ಸುಂಕದ ಗೋಡೆ ಇಟ್ಟುಕೊಳ್ಳುವಂತಿಲ್ಲ. ಜೋಡಣೆ ಕಾರ್ಖಾನೆಗಳ ರಕ್ಷಣೆಗೆ 1984ರ ಕೊನೆಯವರೆಗೆ ಗಡುವು ಸಿಕ್ಕಿತು. ಡನ್ಲಪ್ 1983ರಲ್ಲಿ ಬಾಗಿಲು ಹಾಕಿತು. ಮರುವರ್ಷ ಜುಲೈನಲ್ಲಿ, ಅಷ್ಟೊತ್ತಿಗೆ ಕಾರು ಜೋಡಿಸುತ್ತಿದ್ದ ಕಾರ್ಕ್‌ನ ಫೋರ್ಡ್ ಕಾರ್ಖಾನೆ ಕೂಡ. ಸುಂಕದ ಗೋಡೆ ಬೀಳುವವರೆಗೂ ಕಾಯಲಿಲ್ಲ, ನೋಡಿ.

ಆಮೇಲೂ ಐರ್ಲೆಂಡ್‌ನವರು ಫೋರ್ಡ್ ಕೊಂಡರು. ಪೆಟ್ಟಿಗೆಯಲ್ಲಿ ಬಂದದ್ದಲ್ಲ, ಹಡಗಿನಿಂದ ಪೂರ್ತಿ ತಯಾರಾಗಿ ಇಳಿದದ್ದು, ಮಿಕ್ಕ ಕಾರುಗಳ ಜೊತೆ ಸಮಸಮವಾಗಿ. ಪ್ರೀತಿಯ ಲೆಕ್ಕ ಹಾಕಲೇಬೇಕು ಅಂದರೆ ಅಲ್ಲಿಂದ ಶುರು ಮಾಡಿ, ಕಾಮೆಂಟಿನಲ್ಲಿ ಜಗಳಕ್ಕೆ ನಾನು ಸಿದ್ಧ.