ಹಣ ಕೊಟ್ಟವನಿಗೆ ಹೆಚ್ಚಿಗೆ ಏನು ಸಿಗುತ್ತೆ?

ಕೇಳುಗರಿಗೆ ನಮಸ್ಕಾರ.

ಮೈಸೂರು, ಮಂಡ್ಯದ ಕಡೆ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಬರೆಯುವ ಹುಡುಗರು, ಹೆಣ್ಣುಮಕ್ಕಳು ಇದ್ದೀರಿ. ಆಲೆಮನೆ ಲೆಕ್ಕಕ್ಕೋ, ಅಕ್ಕಿ ಗಿರಣಿಯ ಬಿಲ್ಲಿಗೋ ಒಂದು ಪ್ರೋಗ್ರಾಂ ಸಿದ್ಧವಾಗಿದೆ ಅಂತಿಟ್ಟುಕೊಳ್ಳಿ. ಅದನ್ನು ಮಾರುವ ಕಂಪನಿಗೆ ಒಪ್ಪಿಸೋದೋ, ನಾವೇ ಹಂಚಿ, ಬಳಸಿ ನೋಡಿದವರಿಂದ ಆಮೇಲೆ ಹಣ ತಗೊಳ್ಳೋದೋ? ಈ ಎರಡನೆಯದಕ್ಕೇ ಶೇರ್‌ವೇರ್ ಅನ್ನೋದು. ನನ್ನ ಓಟು ಅದಕ್ಕೇ. ಆದರೆ ಹಂಚುವ ಮೊದಲು ಒಂದಕ್ಕೆ ಉತ್ತರ ಇಟ್ಟುಕೊಳ್ಳಿ: ಹಣ ಕೊಟ್ಟವನಿಗೆ ಹೆಚ್ಚಿಗೆ ಏನು ಸಿಗುತ್ತೆ?

1983ರಲ್ಲಿ ಅಮೆರಿಕದ ಬಾಬ್ ವ್ಯಾಲೇಸ್ ಮೈಕ್ರೋಸಾಫ್ಟ್ ಕೆಲಸ ಬಿಟ್ಟು ಪಿಸಿ-ರೈಟ್ ಅನ್ನೋ ಬರವಣಿಗೆಯ ಪ್ರೋಗ್ರಾಂ ತಂದರು. ಪ್ರೋಗ್ರಾಂ ತುಂಬಿದ ಫ್ಲಾಪಿ ಡಿಸ್ಕಿಗೆ 10 ಡಾಲರ್. ಎಷ್ಟು ಜನಕ್ಕೆ ಬೇಕಾದರೂ ನಕಲು ಮಾಡಿಕೊಡಿ ಅಂದರು. 75 ಡಾಲರ್ ಕಟ್ಟಿ ನೋಂದಾಯಿಸಿದವರಿಗೆ ಅಚ್ಚು ಹಾಕಿದ ಕೈಪಿಡಿ, ಫೋನಿನಲ್ಲಿ ಸಹಾಯ. ಜೊತೆಗೆ ಅವರ ಪ್ರತಿಗೇ ಒಂದು ನಂಬರು. ಆ ನಂಬರಿನ ಪ್ರತಿ ನಕಲಾಗಿ ಇನ್ನೊಬ್ಬರ ಕೈ ಸೇರಿ, ಅವರೂ 75 ಡಾಲರ್ ಕಟ್ಟಿದರೆ, ಮೊದಲಿನವರಿಗೆ 25 ಡಾಲರ್ ಕಮಿಷನ್! ಲೆಕ್ಕ ಹಾಕಿ ನೋಡಿ: ಮೂವರು ಗೆಳೆಯರು ನೋಂದಾಯಿಸಿದರೆ ಕಟ್ಟಿದ ದುಡ್ಡು ಪೂರ್ತಿ ವಾಪಸ್ಸು. ಬೇರೆ ಕಂಪನಿಗಳು ನಕಲು ತಡೆಯೋಕೆ ಫ್ಲಾಪಿಗೆ ಬೀಗ ಹಾಕುತ್ತಿದ್ದ ಕಾಲದಲ್ಲಿ ಈತ ನಕಲು ಮಾಡುವವರನ್ನೇ ಏಜೆಂಟರನ್ನಾಗಿ ಮಾಡಿಕೊಂಡರು. ಎಷ್ಟು ಸಲ ಹೇಳಿದರೂ ನನಗೆ ಬೇಸರ ಬರದ ಕಥೆ ಇದು. 1993ರ ಡೂಮ್ ಆಟದಲ್ಲೂ ಇದೇ ಜಾಡು: ಮೂರು ಕಂತಿನಲ್ಲಿ ಮೊದಲನೆಯದು ಪುಕ್ಕಟೆ, ಉಳಿದೆರಡಕ್ಕೆ ದುಡ್ಡು.

ನಮ್ಮ ಆಲೆಮನೆ ಪ್ರೋಗ್ರಾಮಿಗೆ ಬನ್ನಿ. ಕಬ್ಬಿನ ತೂಕ, ಕೂಲಿ, ರಸೀದಿ ಪುಕ್ಕಟೆ ಇರಲಿ, ಚೆನ್ನಾಗಿಯೂ ನಡೆಯಲಿ. ವರ್ಷದ ಖಾತೆ, ಎರಡನೇ ಕಂಪ್ಯೂಟರು, ಬ್ಯಾಕಪ್ಪು, ಇವಕ್ಕೆ ಹಣ ಕೇಳಿ. ಹಣ ಕಟ್ಟಿಲ್ಲ ಅಂತ ಮೂವತ್ತು ದಿನ ಕಳೆದ ಕೂಡಲೇ ಹಳೇ ಲೆಕ್ಕ ತೆರೆಯದ ಹಾಗೆ ಮಾತ್ರ ದಯವಿಟ್ಟು ಮಾಡಬೇಡಿ. ಅರೆಯುವ ಹಂಗಾಮಿನಲ್ಲಿ ಲೆಕ್ಕ ಸಿಗದೆ ಕೂತ ಮನುಷ್ಯ ದುಡ್ಡು ಕೊಡೋದಿರಲಿ, ಊರೆಲ್ಲ ಬೈದುಕೊಂಡು ಬರುತ್ತಾನೆ. ಹಳೆಯದನ್ನು ನೋಡೋದು, ಪ್ರಿಂಟ್ ತೆಗೆಯೋದು ಯಾವತ್ತೂ ನಿಲ್ಲಬಾರದು.

ಹಣ ಕೊಟ್ಟವರಿಗೆ ಹೆಚ್ಚಿನ ಸೌಲಭ್ಯ ತೆರೆಯೋಕೆ ಒಂದು ಕೀಲಿ ಸಂಖ್ಯೆ ಬೇಕು. ಅದನ್ನು ಗ್ರಾಹಕರ ಹೆಸರು, ಮೊಬೈಲ್ ನಂಬರಿಗೆ ಡಿಜಿಟಲ್ ಸಹಿ, ಅಂದರೆ ಬೇರೆಯವರು ಹುಟ್ಟಿಸಲಾಗದ ಗುರುತು, ಹಾಕಿ ತಯಾರಿಸಿ. ಸಹಿ ಹಾಕುವ ಗುಟ್ಟಿನ ಕೀ ನಿಮ್ಮ ಹತ್ತಿರವೇ ಇರಲಿ. ಪರೀಕ್ಷಿಸುವ ಕೀ ಮಾತ್ರ ಪ್ರೋಗ್ರಾಮಿನೊಳಗೆ. ಆಗ ಇಂಟರ್ನೆಟ್ ಇಲ್ಲದ ಕಡೆಯೂ ನಡೆಯುತ್ತೆ. ಹಾರ್ಡ್ ಡಿಸ್ಕಿನ ನಂಬರಿಗೆ ಕಟ್ಟಿಹಾಕಿದಿರೋ, ಡಿಸ್ಕ್ ಬದಲಾದಾಗಲೆಲ್ಲ ನಿಮಗೆ ಫೋನು. ಯುಪಿಐ ಕೋಡ್ ತೆರೆಯ ಮೇಲೇ ಇರಲಿ, ಹಣ ಬಂದ ತಕ್ಷಣ ಕೀಲಿ ಹೋಗಲಿ. ಮತ್ತೆ ಕೇಳುತ್ತೇನೆ: ಕೊಟ್ಟವನಿಗೆ ಹೆಚ್ಚಿಗೆ ಏನು ಸಿಕ್ಕಿತು? ಉತ್ತರ ಬರೀ ‘ಧನ್ಯವಾದ’ ಆದರೆ ಹಣ ಬರಲ್ಲ.

ಕಂಪನಿಯ ವಿಷಯಕ್ಕೆ ಸಮಯ ಸಾಲದು, ಬೇಗ ಹೇಳಿಬಿಡುತ್ತೇನೆ. ಬೆಲೆ 1,000 ರೂಪಾಯಿ ಅಂದುಕೊಳ್ಳಿ. ಅಂಗಡಿ, ವಿತರಕರ ಪಾಲು ಅರ್ಧ ಹೋದರೆ ಉಳಿದದ್ದು 500. ನಿಮಗೆ ಅದರಲ್ಲಿ ನೂರಕ್ಕೆ ಹತ್ತು, ಅಂದರೆ 50. ಮುಂಗಡ 50,000 ಪಡೆದಿದ್ದರೆ, ಸಾವಿರ ಪ್ರತಿ ಹೋಗುವ ತನಕ ಮತ್ತೆ ಒಂದು ಕಾಸೂ ಇಲ್ಲ. ಮಾರಾಟ ನಿಲ್ಲಿಸಿದರೆ ಹಕ್ಕು ನಿಮಗೇ ವಾಪಸ್ಸು ಅನ್ನೋ ಸಾಲು ಕರಾರಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಬರೆಸಿ, ಬರೆಯಲ್ಲ ಅಂದರೆ ಎದ್ದು ಬನ್ನಿ.

ನಮಸ್ಕಾರ.